ಹುಚ್ಚಮ್ಮನ ಕೌದಿಯ ಮೂಲೆ

ಹುಚ್ಚಮ್ಮ ತೀರಿಕೊಂಡು ಎರಡು ವರ್ಷವಾಯಿತು. ಭದ್ರಾವತಿಯ ಕಾರ್ಖಾನೆಯ ಸಾಲುಮನೆಗಳಲ್ಲಿ ಈಗ ಆಕೆಯ ಹೆಸರು ಹೇಳಿದರೆ "ಯಾವ ಹುಚ್ಚಮ್ಮ?" ಎಂದು ಕೇಳುವವರೇ ಹೆಚ್ಚು. ಆಕೆ ದೊಡ್ಡ ಕೆಲಸವನ್ನೇನೂ ಮಾಡಿದವಳಲ್ಲ. ಹಳೇ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಿದ್ದಳು, ಅಷ್ಟೆ. ಆಕೆಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಬರೆಯಲು ಬರುವವರ ಪೈಕಿ ಆಕೆಯನ್ನು ಚೆನ್ನಾಗಿ ಬಲ್ಲವಳು ನಾನೊಬ್ಬಳೇ. ಜೊತೆಗೆ, ಆಕೆಗಾದ ಅನ್ಯಾಯ ನನ್ನ ಕೈಯಿಂದಲೇ ಆದದ್ದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಬಚ್ಚಿಟ್ಟು ಓದುವವರ ಕಣ್ಣೀರು ಗಿಟ್ಟಿಸುವ ಜಾಣತನ ನನಗೆ ಬೇಡ.

ಅದು ಸಾವಿರದ ಒಂಬೈನೂರ ಮೂವತ್ತೊಂಬತ್ತರ ಸಂಕ್ರಾಂತಿ ಕಳೆದ ವಾರ. ನಾನಾಗ ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಮೈಸೂರಿಗೆ ಹೋಗಿ ಹೊಲಿಗೆಯ ಸರ್ಟಿಫಿಕೇಟು ತಂದವಳು ಊರಿಗೆಲ್ಲ ಇವಳೊಬ್ಬಳೇ ಎಂದು ನಮ್ಮಪ್ಪ ಹೋದಲ್ಲಿ ಬಂದಲ್ಲಿ ಹೇಳಿ ಹೇಳಿ ನನ್ನ ತಲೆಗೆ ಕೊಂಬು ಮೂಡಿಸಿದ್ದರು. ಒಂದಂಗುಲಕ್ಕೆ ಹದಿನಾರು ಹೊಲಿಗೆ ಹಾಕದವರನ್ನು ನಾನು ಹೆಂಗಸರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಈಗ ನೆನೆಸಿಕೊಂಡರೆ ಆಗಿನ ಆ ಜಗದಾಂಬಾಳ, ಅಂದರೆ ನನ್ನದೇ, ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸುತ್ತದೆ.

ನಮ್ಮ ಮಹಿಳಾ ಸಂಘದ ಅಧ್ಯಕ್ಷೆ ಬಸವರಾಜೇಶ್ವರಿಯವರಿಗೆ ಆ ವರ್ಷ ಒಂದು ಯೋಚನೆ ಹೊಳೆಯಿತು. ಜಿಲ್ಲೆಯ ಕೌದಿಗಳನ್ನೆಲ್ಲ ತರಿಸಿ ಐದು ದಿನ ಪ್ರದರ್ಶನಕ್ಕಿಡಬೇಕು ಎಂದರು. ಸಂಘದ ಹೆಂಗಸರು ನಕ್ಕರು. "ಹಾಸಿಗೇನ ಯಾರಾದ್ರೂ ಗೋಡೆಗೆ ನೇತಾಕ್ತಾರೇನ್ರೀ?" ಎಂದರು. ಆದರೂ ಡಂಗುರ ಹೊಡೆಸಿದ್ದಾಯಿತು, ಚೀಟಿ ಹಂಚಿದ್ದಾಯಿತು. ನೋಡುತ್ತ ನೋಡುತ್ತ ಗಾಡಿಯಲ್ಲಿ, ಬಸ್ಸಿನ ತಲೆಯ ಮೇಲೆ, ರೈಲಿನಲ್ಲಿ ಒಟ್ಟು ಅರವತ್ತಮೂರು ಕೌದಿ ಬಂದು ಬಿದ್ದವು. ಛತ್ರದ ಹಜಾರದಲ್ಲಿ ಹಗ್ಗ ಕಟ್ಟಿ ಅವನ್ನೆಲ್ಲ ಇಳಿಬಿಟ್ಟಾಗ ನಕ್ಕಿದ್ದವರು ಬಾಯಿ ತೆರೆದು ನಿಂತರು.

ಒಂದೊಂದೂ ಒಂದೊಂದು ಸಂಸಾರ. ನಾಟಕ ಕಂಪನಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಈಶ್ವರಪ್ಪನೆಂಬವನು ರಾಜರ ಹಳೇ ಮಖಮಲ್ಲು ಅಂಗಿಗಳನ್ನೆಲ್ಲ ಕತ್ತರಿಸಿ ಒಂದು ಕೌದಿ ಮಾಡಿ ತಂದಿದ್ದ. "ಇದನ್ನ ಹೊದ್ದು ಮಲಗಿದ್ರೆ ಬರೀ ಯುದ್ಧದ ಕನಸು ಬೀಳುತ್ತೆ" ಎಂದು ಅವನೇ ಎಲ್ಲರನ್ನೂ ನಗಿಸುತ್ತಿದ್ದ. ಕುಲುಮೆಯಲ್ಲಿ ಕೆಲಸ ಮಾಡುವ ತಮಿಳರ ಮನೆಯಾಕೆ ಗೋಧಿಚೀಲಗಳಿಂದ ಹೊಲಿದದ್ದರ ಮೇಲೆ ಗಿರಣಿಯ ಮುದ್ರೆ ತಲೆಕೆಳಗಾಗಿ ಹಾಗೇ ಉಳಿದಿತ್ತು. ನಾಲ್ಕು ತಲೆಮಾರಿನ ಬಾಣಂತಿಯರು ಹೊದ್ದ ಒಂದು ಕೌದಿಯನ್ನು ಎತ್ತಲು ಇಬ್ಬರು ಬೇಕಾಗಿತ್ತು. ಹಜಾರದ ನಡುವೆ ಚಾಪೆ ಹಾಸಿ ಒಂದು ಹೊಸ ಕೌದಿಯನ್ನು ಹರಡಿದ್ದೆವು. ಬಂದವರೆಲ್ಲ ಕೂತು ಒಂದೊಂದು ಸಾಲು ಹೊಲಿಯಬೇಕು, ಐದನೆಯ ದಿನ ಅದನ್ನು ಹೆರಿಗೆ ಆಸ್ಪತ್ರೆಗೆ ಕೊಡುವುದು ಎಂದು. ಮಧ್ಯಾಹ್ನ ಸೂಜಿಗೆ ದಾರ ಪೋಣಿಸುವ ಪಂದ್ಯ, ಸಾಯಂಕಾಲ ಹೊಲಿಯುವಾಗ ಹಾಡುವ ಪದಗಳು. ನಾಲ್ಕನೆಯ ದಿನ ಶುಕ್ರವಾರ, ಹೆಂಗಸರಿಗೆ ಮಾತ್ರ. ಅಂದೇ ಬಹುಮಾನದ ತೀರ್ಮಾನ.

ಬಹುಮಾನದ ನಿಯಮಗಳನ್ನು ಬರೆದವಳು ನಾನು. ಅದರಲ್ಲಿ ಎರಡು ಸಾಲು ಮುಖ್ಯ. ಪೂರ್ತಿಯಾಗದ ಕೌದಿಗೆ ಬಹುಮಾನವಿಲ್ಲ. ಮಾಡಿದವರದಲ್ಲದೆ ಬೇರೆ ಕೈ ತಾಗಿದ ಕೌದಿಗೂ ಬಹುಮಾನವಿಲ್ಲ.

ಹುಚ್ಚಮ್ಮ ಬಂದದ್ದು ಮೊದಲನೆಯ ದಿನ ಬೆಳಗಿನ ರೈಲಿಗೆ. ಐವತ್ತು ದಾಟಿದ, ಕಡ್ಡಿಯಂಥ ಹೆಂಗಸು. ತಲೆಯ ಮೇಲಿನ ಗಂಟನ್ನು ಇಳಿಸಿ ಬಿಚ್ಚಿದಾಗ ನನ್ನ ಕೊಂಬು ಸ್ವಲ್ಪ ಬಗ್ಗಿತು. ನಡುವೆ ಮದುವೆ ಸೀರೆಯ ಕೆಂಪು, ಅದರ ಸುತ್ತ ಗಂಡನ ಕಾರ್ಖಾನೆ ಅಂಗಿಯ ಖಾಕಿ, ಅದರ ಸುತ್ತ ಅತ್ತೆಯ ಇಳಕಲ್ ಸೀರೆ, ಮಗಳು ಚಿಕ್ಕಂದಿನಲ್ಲಿ ತೊಟ್ಟ ಲಂಗದ ಹಸಿರು ಚೂರುಗಳು. ಹೊಲಿಗೆ ದಪ್ಪವೇ, ಆದರೆ ನೇಗಿಲ ಸಾಲಿನಷ್ಟು ನೇರ. ಒಂದು ಮೂಲೆಯಲ್ಲಿ ಮಾತ್ರ ಗೇಣುದ್ದ ಜಾಗ ಹೊಲಿಯದೆ ತೆರೆದೇ ಇತ್ತು.

"ಇದೇನಮ್ಮ, ಈ ಮೂಲೆ ಬಿಟ್ಟುಬಿಟ್ಟಿದೀರಿ?" ಎಂದೆ.

"ಅದು ಕೌದಿ ಬಾಯಿ ಕಣವ್ವ. ಹಂಗೇ ಇರ್ಲಿ. ಮುಟ್ಬೇಡ."

"ಹಾಗಿದ್ರೆ ಬಹುಮಾನ ಬರಲ್ಲ."

"ಬಹುಮಾನ ಯಾರಿಗೆ ಬೇಕು ಮಾರಾಯ್ತಿ? ನೋಡೋರು ನೋಡ್ಲಿ ಅಂತ ತಂದಿದೀನಿ."

ನೋಡುವವರು ಯಾರು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಇನ್ನೂ ಇಪ್ಪತ್ತು ಕೌದಿಗೆ ಚೀಟಿ ಅಂಟಿಸುವ ಕೆಲಸ ಬಾಕಿ ಇತ್ತು. ಆ ಮೂಲೆಯ ಕಥೆ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನಿಮಗೆ ಈಗಲೇ ಹೇಳುತ್ತೇನೆ.

ಹುಚ್ಚಮ್ಮನ ಕಡೆ ಒಂದು ಪದ್ಧತಿ. ಕೌದಿ ಎಲ್ಲ ಹೊಲಿದಾದ ಮೇಲೂ ಮೂಲೆಯಲ್ಲಿ ಗೇಣುದ್ದ ಬಾಯಿ ಉಳಿಸುತ್ತಾರೆ. ಯಾರಿಗಾಗಿ ಹೊಲಿದದ್ದೋ ಅವರು ತಮ್ಮ ಕೈಯಾರೆ ಸುಟ್ಟ ರೊಟ್ಟಿಯ ಒಂದು ಚೂರನ್ನು ಅದರೊಳಗೆ ಇಟ್ಟು ತಾವೇ ಬಾಯಿ ಮುಚ್ಚಬೇಕು. ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂದು ಅವರ ನಂಬಿಕೆ. ಒಮ್ಮೆ ಮುಚ್ಚಿದ ಬಾಯನ್ನು ಮತ್ತೆ ಬಿಚ್ಚುವಂತಿಲ್ಲ. ಬಾಣಂತನದ ಕೌದಿಯಾದರೆ ನಾಮಕರಣದ ದಿನ ಬಾಣಂತಿಯೇ ಬಾಯಿ ಮುಚ್ಚುವುದು.

ಹುಚ್ಚಮ್ಮನಿಗೆ ಒಬ್ಬಳೇ ಮಗಳು, ಸುವರ್ಣಮ್ಮ. ಕುಂಸಿಗೆ ಕೊಟ್ಟಿದ್ದರು. ಏಳು ವರ್ಷದ ಹಿಂದೆ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ತಾಯಿ ಮಗಳು ಇಬ್ಬರೂ ಎದುರುಬದುರು ಕೂತು ಹೊಲಿದ ಕೌದಿ ಅದು. ಗಂಡು ಮಗು ಹುಟ್ಟಿತು. ಒಂಬತ್ತನೆಯ ದಿನ ಜ್ವರ ಬಂದು ಹೋಗಿಬಿಟ್ಟಿತು. ನಾಮಕರಣವೂ ಇಲ್ಲ, ರೊಟ್ಟಿಯೂ ಇಲ್ಲ. ಸುವರ್ಣಮ್ಮನ ಮಾವ ಮೂರ್ತಪ್ಪ ಬಂದು ಅಂಗಳದಲ್ಲೇ ನಿಂತು, "ತವರಲ್ಲಿ ನಮ್ಮ ಮಗು ಉಳಿಯಲಿಲ್ಲ, ಇನ್ನು ಸೊಸೇನ ಈ ಹೊಸ್ತಿಲಿಗೆ ಕಳಿಸೋದಿಲ್ಲ" ಎಂದ. ಹುಚ್ಚಮ್ಮನ ಗಂಡ ಉಜ್ಜನಪ್ಪ ಕುಲುಮೆಯ ಮುಂದೆ ದುಡಿದು ದುಡಿದು ಸಿಟ್ಟಿನ ಮನುಷ್ಯನಾಗಿದ್ದ. "ಕಳಿಸದಿದ್ರೆ ಬಿಡ್ರಿ, ನಮ್ಮ ಬಾಗಿಲೂ ಮುಚ್ಚಿತು" ಎಂದುಬಿಟ್ಟ. ಮಗು ಸತ್ತ ಮನೆಯಲ್ಲಿ ಗಂಡಸರಿಬ್ಬರೂ ತಮ್ಮ ಮೀಸೆಯ ಚಿಂತೆ ಮಾಡಿದರು. ಸುವರ್ಣಮ್ಮ ಗಾಡಿ ಹತ್ತುವಾಗ ತಾಯಿಯ ಕಿವಿಯಲ್ಲಿ ಒಂದೇ ಮಾತು ಹೇಳಿದಳಂತೆ: "ನಾನು ಬರೋವರ್ಗೂ ಕೌದಿ ಬಾಯಿ ಮುಚ್ಬೇಡ ಅವ್ವ. ಮುಚ್ಚಿದ್ರೆ ನೀನು ನನ್ನ ಆಸೆ ಬಿಟ್ಟೆ ಅಂತ ತಿಳ್ಕೋತೀನಿ."

ಎರಡು ವರ್ಷಕ್ಕೆ ಉಜ್ಜನಪ್ಪ ಸತ್ತ. ಮಣ್ಣಿಗೂ ಮಗಳನ್ನು ಕಳಿಸಲಿಲ್ಲ. ಹುಚ್ಚಮ್ಮ ಎರಡು ಸಲ ಕುಂಸಿಗೆ ಹೋಗಿ ಜಗಲಿಯಿಂದಲೇ ವಾಪಸಾದಳು. ಹಾಗಿರುವಾಗ ಪ್ರದರ್ಶನದ ಡಂಗುರ ಭದ್ರಾವತಿಯ ಸಂತೆಯಲ್ಲಿ ಕೇಳಿಸಿತು. ಮಗಳು ತವರಿಗೆ ಬರುವಂತಿಲ್ಲ, ನಿಜ. ಶಿವಮೊಗ್ಗದ ಛತ್ರ ಯಾರ ತವರೂ ಅಲ್ಲವಲ್ಲ! ಕುಂಸಿಯ ಮನೆಮನೆಗೆ ಹೋಗುವ ಬಳೆಗಾರ ಸಿದ್ದಯ್ಯನ ಕೈಯಲ್ಲಿ ಹೇಳಿಕಳಿಸಿದಳು: "ಕೌದಿ ಶಿವಮೊಗ್ಗಕ್ಕೆ ಬರುತ್ತೆ. ಬಾಯಿ ತೆರೆದೇ ಇದೆ. ಹೆಂಗಸರ ದಿನ ಬಾ." ಸುವರ್ಣಮ್ಮ ಆಗ ಮತ್ತೆ ಏಳು ತಿಂಗಳ ಬಸುರಿ. ಸಿದ್ದಯ್ಯ ಆ ಸುದ್ದಿಯನ್ನೂ ತಂದು ಹೇಳಿದ್ದ.

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಚ್ಚಮ್ಮ ಮೂರು ದಿನ ಕೌದಿಯ ಕೆಳಗೆ ನೆಲದ ಮೇಲೆ ಕೂತಿದ್ದಳು. ಬಾ ಎಂದದ್ದು ಶುಕ್ರವಾರಕ್ಕೆ, ಆದರೆ ಮಗಳು ಮೊದಲೇ ಬಂದರೆ? ಊಟಕ್ಕೆ ಕರೆದರೆ ಗಂಟಿನಿಂದ ಅವಲಕ್ಕಿ ತೆಗೆದು ಅಲ್ಲೇ ತಿನ್ನುತ್ತಿದ್ದಳು. ಯಾರಾದರೂ ಹೆಂಗಸು ಬಾಗಿಲು ದಾಟಿ ಬಂದರೆ ಎದ್ದು ನಿಲ್ಲುತ್ತಿದ್ದಳು, ಮುಖ ನೋಡಿ ಮತ್ತೆ ಕೂರುತ್ತಿದ್ದಳು. ನಾನು ಈ ಮುದುಕಿಗೆ ಮಂಡಿನೋವು ಇರಬೇಕು ಅಂದುಕೊಂಡಿದ್ದೆ.

ಶುಕ್ರವಾರ ಬೆಳಿಗ್ಗೆ ನಾನು ಅರವತ್ತಮೂರೂ ಕೌದಿಗಳನ್ನು ಮತ್ತೊಮ್ಮೆ ನೋಡುತ್ತ ಬಂದೆ. ಹುಚ್ಚಮ್ಮನದಕ್ಕೆ ಸಾಟಿ ಇರಲಿಲ್ಲ. ಆ ಒಂದು ಗೇಣಿನಿಂದಾಗಿ ಬಹುಮಾನ ರಾಜರ ಮಖಮಲ್ಲಿಗೆ ಹೋಗುತ್ತದಲ್ಲ ಎಂದು ನನಗೆ ಕೆಟ್ಟ ಸಂಕಟವಾಯಿತು. ಹುಚ್ಚಮ್ಮ ಹೊಳೆಗೆ ಮುಖ ತೊಳೆಯಲು ಹೋಗಿದ್ದಳು. ಮುಟ್ಟಬೇಡ ಎಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಹಳೇ ಕಾಲದವರ ಮೂಢನಂಬಿಕೆ, ಬಹುಮಾನ ಬಂದಾಗ ಅವಳೇ ಖುಷಿಪಡುತ್ತಾಳೆ ಎಂದುಕೊಂಡೆ. ಸೂಜಿ ತೆಗೆದು, ಅಂಗುಲಕ್ಕೆ ಹದಿನಾರರಂತೆ, ಹಿಂಬದಿಯಿಂದ, ಯಾರ ಕಣ್ಣಿಗೂ ಕಾಣದ ಹಾಗೆ ಆ ಬಾಯನ್ನು ಹೊಲಿದು ಮುಚ್ಚಿದೆ. ಕಾಲು ಗಂಟೆಯ ಕೆಲಸ. ಅಂಥ ಹೊಲಿಗೆಯನ್ನು ನಾನು ಪರೀಕ್ಷೆಯಲ್ಲೂ ಹಾಕಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ತೀರ್ಪು ಕೊಡಲು ಬರುವವರು ದೊಡ್ಡ ಅಧಿಕಾರಿಯ ಹೆಂಡತಿ. ಹಜಾರದ ನೆಲದ ಮೇಲೆ ಗಂಟು ಹಿಡಿದು ಕೂತ ಮುದುಕಿ ಚೆನ್ನಾಗಿ ಕಾಣುವುದಿಲ್ಲವೆಂದು, ಹುಚ್ಚಮ್ಮ ಬಾಗಿಲಿಗೆ ಬಂದಾಗ ಅಲ್ಲೇ ತಡೆದೆ. "ಇವತ್ತು ಮಠದಲ್ಲಿ ಊಟ ಇದೆ, ಹೋಗಿ ಬನ್ನಿ" ಎಂದೆ.

"ಬೇಡ ಕಣವ್ವ, ಇವತ್ತು ನಾನು ಇಲ್ಲೇ ಇರ್ಬೇಕು."

"ಒಂದು ಗಂಟೆ ಅಷ್ಟೆ. ದೊಡ್ಡೋರು ಬಂದುಹೋಗ್ಲಿ. ನಿಮ್ಮ ಕೌದಿ ನಾನು ನೋಡ್ಕೋತೀನಿ."

ಆಕೆ ನನ್ನ ಮುಖ ನೋಡಿದಳು. "ನನ್ನ ಕೌದಿ ಕೇಳ್ಕೊಂಡು ಯಾರಾದ್ರೂ ಬಂದ್ರೆ ಕೂರಿಸ್ಕೋತೀಯಾ?" ಎಂದಳು. ಹೂಂ ಎಂದೆ. ಆಕೆ ಹೋದಳು.

ಅಧಿಕಾರಿಯ ಹೆಂಡತಿ ಬಂದು, ನೋಡಿ, ಹುಚ್ಚಮ್ಮನ ಕೌದಿಗೇ ಮೊದಲ ಬಹುಮಾನ ಎಂದು ಗುರುತು ಹಾಕಿ, ಪಾನಕ ಕುಡಿದು ಹೋದರು. ನಾನು ಉಬ್ಬಿಹೋಗಿದ್ದೆ. ಅದೇ ಹೊತ್ತಿಗೆ ಒಬ್ಬ ಬಸುರಿ ಹೆಂಗಸು ಒಳಗೆ ಬಂದಳು. ಬೆವರಿದ್ದಳು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿ ಮುಷ್ಟಿಯಲ್ಲಿ ಹಿಡಿದಿದ್ದಳು.

"ಅಕ್ಕಾ, ಒಂದು ಸೂಜಿ, ಒಂಚೂರು ಕೆಂಪು ದಾರ ಸಿಗುತ್ತಾ?" ಎಂದು ಕೇಳಿದಳು. ನಡುವಿನ ಕೌದಿಯಲ್ಲಿ ಒಂದು ಸಾಲು ಹೊಲಿಯಲು ಬಂದವಳೆಂದುಕೊಂಡು ದಾರ ಪೋಣಿಸಿಯೇ ಕೊಟ್ಟೆ. ಆಕೆ ಚಾಪೆಯ ಕಡೆ ಹೋಗಲಿಲ್ಲ. ಹಗ್ಗಗಳ ನಡುವೆ ಹುಡುಕುತ್ತ ಹೋಗಿ ಹುಚ್ಚಮ್ಮನ ಕೌದಿಯ ಮುಂದೆ ನಿಂತಳು. ಹಸಿರು ಲಂಗದ ಚೂರನ್ನು ಮುಟ್ಟಿ ನಕ್ಕಳು. ಆ ನಗು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಬಗ್ಗಿ ಮೂಲೆಗೆ ಕೈ ಹಾಕಿದಳು. ಬೆರಳು ಅತ್ತಿಂದಿತ್ತ ಆಡಿಸಿದಳು. ಇನ್ನೊಂದು ಮೂಲೆ ನೋಡಿದಳು, ಮತ್ತೊಂದು ನೋಡಿದಳು, ಮತ್ತೆ ಮೊದಲನೆಯದಕ್ಕೆ ಬಂದಳು.

"ಇದ್ರ ಬಾಯಿ ಯಾರು ಮುಚ್ಚಿದ್ದು?" ಎಂದು ಕೇಳಿದಳು.

ಆಗ ನಾನು ನಿಜ ಹೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಬೇರೆ ಕೈ ತಾಗಿದ ಕೌದಿಗೆ ಬಹುಮಾನವಿಲ್ಲ ಎಂದು ಬರೆದವಳು ನಾನೇ. ಸುತ್ತ ಸಂಘದ ಹೆಂಗಸರು ನಿಂತಿದ್ದರು.

"ಮಾಡಿದವರೇ ಮುಚ್ಚಿದ್ದು" ಎಂದೆ.

"ಅವ್ರೇನಾ? ನೀವು ನೋಡಿದ್ರಾ?"

"ನೋಡಿದೆ. ಇವತ್ತು ಬೆಳಿಗ್ಗೆ."

"ಅವ್ರು ಎಲ್ಲಿ?"

"ಊಟಕ್ಕೆ ಹೋಗಿದಾರೆ. ಬರ್ತಾರೆ, ಕೂತ್ಕೊಳ್ಳಿ."

ಹೊರಗಿನಿಂದ ಯಾರೋ "ಸುವರ್ಣೀ, ಬಸ್ಸಿಗೆ ಹೊತ್ತಾಯ್ತು" ಎಂದು ಗದರಿದರು. ಅವಳ ಅತ್ತೆ ಬಾಗಿಲಲ್ಲಿ ನಿಂತಿದ್ದಳೆಂದು ಆಮೇಲೆ ತಿಳಿಯಿತು. ಈಕೆ ಸೂಜಿಯನ್ನು ನನ್ನ ಕೈಗೆ ವಾಪಸು ಕೊಟ್ಟಳು. ದಾರ ಪೋಣಿಸಿದ ಹಾಗೇ ಇತ್ತು. "ಅವ್ರಿಗೆ ಹೇಳಿ..." ಎಂದು ಶುರುಮಾಡಿ, "ಬೇಡ, ಬಿಡಿ" ಎಂದಳು. ಸೆರಗಿನ ಗಂಟು ಬಿಚ್ಚಿ ಒಳಗಿದ್ದದ್ದನ್ನು ಕೌದಿಯ ಕೆಳಗಿನ ಮಣೆಯ ಮೇಲಿಟ್ಟು ಹೊರಟುಹೋದಳು. ಹೋಗಿ ನೋಡಿದೆ. ಅಂಗೈಯಗಲದ ಅಕ್ಕಿರೊಟ್ಟಿಯ ಚೂರು. ಇರುವೆ ಬರುತ್ತದೆ, ಎತ್ತಿ ಬಿಸಾಡಬೇಕು ಅಂದುಕೊಂಡೆ.

ಬಿಸಾಡುವ ಮೊದಲೇ ಹುಚ್ಚಮ್ಮ ಬಂದಳು. ಬಹುಮಾನದ ವಿಷಯ ಹೇಳಲು ನಾನು ಎದುರಿಗೆ ಹೋದೆ. ಆಕೆ ನನ್ನನ್ನು ನೋಡಲಿಲ್ಲ, ಮಣೆಯ ಮೇಲಿನ ರೊಟ್ಟಿಯನ್ನು ನೋಡಿದಳು. ಆಮೇಲೆ ಮೂಲೆಗೆ ಕೈ ಹಾಕಿದಳು. ಮಗಳು ಆಡಿಸಿದ ಹಾಗೆಯೇ ಬೆರಳು ಆಡಿಸಿದಳು.

"ಯಾರು?" ಎಂದಳು.

"ನಾನೇ... ಬಹುಮಾನ ಬರ್ಲಿ ಅಂತ."

"ಅವ್ಳು ಕೇಳಿದ್ಲಾ?"

"ಕೇಳಿದ್ರು. ನೀವೇ ಮುಚ್ಚಿದ್ದು ಅಂದೆ."

ನನಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ, ಏನೋ ಕೆಟ್ಟದ್ದು ಮಾಡಿದೆ ಎಂದು ಮಾತ್ರ ಗೊತ್ತಾಯಿತು. ಆಕೆ ಬೈದಿದ್ದರೆ, ಹೊಡೆದಿದ್ದರೆ, ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು, "ಎಷ್ಟು ಸಣ್ಣ ಹೊಲಿಗೆ ಹಾಕಿದೀಯವ್ವ" ಎಂದಳು. ರೊಟ್ಟಿಯನ್ನು ತೆಗೆದುಕೊಂಡು ಓಡಿದಳು. ನಾನೂ ಹಿಂದೆ ಓಡಿದೆ.

ಕುಂಸಿ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು. ಹುಚ್ಚಮ್ಮ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನನಗೆ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಆ ರೊಟ್ಟಿಯನ್ನು ಚೂರು ಚೂರಾಗಿ ಮುರಿದು ತಿಂದಳು. "ಏಳು ವರ್ಷ ಆಯ್ತು ಅವ್ಳ ಕೈ ರೊಟ್ಟಿ ತಿಂದು" ಎಂದಳು. ಮಡಿಲಿಗೆ ಬಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದಳು. ನಾನು ಅವಳ ಕಾಲ ಹತ್ತಿರ ಕೂತು ಬಿಕ್ಕಿಬಿಕ್ಕಿ ಅತ್ತೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಕುಂಸಿಗೆ ಹೋದೆವು. ಮೂರ್ತಪ್ಪ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದ. ಸೊಸೆ ಪ್ರದರ್ಶನಕ್ಕೆ ಹೋದದ್ದರ ಹಿಂದಿನ ಗುಟ್ಟು ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. "ಬಸುರಿ ಹೆಂಗಸು, ನಿನ್ನೆಯಿಂದ ಊಟ ಬಿಟ್ಟಿದಾಳೆ. ನಿಮ್ಮಿಂದ ಆಗಿದ್ದು ಸಾಕು, ನಡೀರಿ" ಎಂದ. ಬಾಗಿಲು ಹಾಕಿತ್ತು. ನಾನು ಶಾಲೆಯ ಮೇಡಮ್ಮು, ಮರ್ಯಾದಸ್ಥರ ಮನೆ ಹುಡುಗಿ, ಕುಂಸಿಯ ಬೀದಿಯಲ್ಲಿ ನಿಂತು ಆ ಬಾಗಿಲಿಗೆ ಕೂಗಿದೆ: "ಸುವರ್ಣಮ್ಮಾ, ಬಾಯಿ ಮುಚ್ಚಿದ್ದು ನಾನು! ನಿಮ್ಮವ್ವ ಅಲ್ಲ! ನಾನು ಸುಳ್ಳು ಹೇಳಿದೆ!" ಮೂರು ಸಲ ಕೂಗಿದೆ. ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. ಆ ಬಾಗಿಲು ತೆರೆಯಲಿಲ್ಲ. ಅವಳು ಒಳಗೆ ಹಿತ್ತಲಲ್ಲಿದ್ದಳೋ, ಬಾಗಿಲ ಹಿಂದೆಯೇ ನಿಂತಿದ್ದಳೋ, ನನ್ನ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಹತ್ತು ವರ್ಷದಿಂದ ನಾನು ಕೇಳಿಕೊಳ್ಳುತ್ತಿರುವುದು ಅದೊಂದನ್ನೇ.

ಯುಗಾದಿಯ ಮುಂಚೆ ಸುವರ್ಣಮ್ಮ ಹೆರಿಗೆಯಲ್ಲಿ ಸತ್ತಳು. ಮಗುವೂ ಉಳಿಯಲಿಲ್ಲ. ಮಣ್ಣು ಮಾಡಿ ಮೂರು ದಿನವಾದ ಮೇಲೆ ಸಿದ್ದಯ್ಯ ಭದ್ರಾವತಿಗೆ ಸುದ್ದಿ ತಂದ. ಹೆರಿಗೆಗೆ ಮುಂಚೆ ಅವಳ ಕೈಗೆ ಕೊನೆಯ ಬಳೆ ತೊಡಿಸಿದವನು ಅವನೇ. ನನ್ನ ಕೂಗನ್ನು ಕೇಳಿದ್ದಳಾ, ಏನಾದರೂ ಹೇಳಿದಳಾ ಎಂದು ನಾನು ಅವನನ್ನು ಹಿಡಿದು ಕೇಳಿದೆ. "ಅತ್ತೆ ಪಕ್ಕದಲ್ಲೇ ಕೂತಿದ್ರು ತಾಯಿ. ಸುವರ್ಣಮ್ಮನೋರು ಏನೂ ಮಾತಾಡಲಿಲ್ಲ. ಕೆಂಪು ಬಳೆ ಬೇಡ ಅಂದ್ರು, ಅಷ್ಟೆ" ಎಂದ.

ಬಹುಮಾನ ಒಂದು ಹಿತ್ತಾಳೆ ಬಿಂದಿಗೆ. ನಾನು ಎಲ್ಲವನ್ನೂ ಬಸವರಾಜೇಶ್ವರಿಯವರಿಗೆ ಹೇಳಿ ಅದನ್ನು ಈಶ್ವರಪ್ಪನಿಗೆ ಕೊಡಿಸಿದೆ. ಅವನು ಸಂತೋಷವಾಗಿ ಹೊತ್ತುಕೊಂಡು ಹೋದ. ಹೊಲಿಗೆ ಕಲಿಸುವುದನ್ನು ಬಿಟ್ಟು ಮಕ್ಕಳಿಗೆ ಅಕ್ಷರ ಕಲಿಸತೊಡಗಿದೆ.

ಆಮೇಲಿನ ಎಂಟು ವರ್ಷ ನಾನು ತಿಂಗಳಿಗೊಂದು ಭಾನುವಾರ ರೈಲು ಹತ್ತಿ ಭದ್ರಾವತಿಗೆ ಹೋಗುತ್ತಿದ್ದೆ. ಹುಚ್ಚಮ್ಮ ಒಂದು ದಿನವೂ ಯಾಕೆ ಬಂದೆ ಅನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಕಾರ್ಖಾನೆಯವರ ಮನೆಗಳಿಗೆ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ಯುದ್ಧದ ವರ್ಷಗಳಲ್ಲಿ ಬಟ್ಟೆಗೆ ಬರ ಬಂದಾಗ ಎಲ್ಲರಿಗೂ ಕೌದಿಯೇ ಬೇಕಾಯಿತು. ನಾನು ಅವಳಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಅವಳ ಕಣ್ಣು ಮಂಜಾಗಿತ್ತು. ಬೇರೆಯವರ ಕೌದಿಗೆ ಬಾಯಿ ಬಿಡುವಾಗ ನನ್ನ ಕಡೆ ನೋಡದೆ, ಗೇಣು ಅಳೆದು, ಗುರುತು ಹಾಕುತ್ತಿದ್ದಳು. ಆ ಕೌದಿ ಮಾತ್ರ ಮಡಿಸಿದ ಹಾಗೇ ಅಟ್ಟದ ಮೇಲಿತ್ತು. ಎಂಥ ಚಳಿಗೂ ಅದನ್ನು ಹೊದೆಯಲಿಲ್ಲ.

ಒಂದು ಸಲ ಧೈರ್ಯ ಮಾಡಿ ಕೇಳಿದೆ. "ನಾನು ಹಾಕಿದ ಹೊಲಿಗೆ ನಾನೇ ಬಿಚ್ಚಿಬಿಡ್ಲಾ ಅಮ್ಮ?"

"ಮುಚ್ಚಿದ್ದನ್ನ ಬಿಚ್ಚಬಾರದು" ಎಂದಳು. ಸ್ವಲ್ಪ ಹೊತ್ತು ಹೊಲಿದು, "ಬಿಚ್ಚಿದ್ರೆ ಒಳಗೆ ಏನಿಡ್ತೀಯ? ಇಡೋ ರೊಟ್ಟೀನ ನಾನು ತಿಂದುಬಿಟ್ಟೆ" ಎಂದಳು. ಅವತ್ತು ಮೊದಲ ಸಲ ನನ್ನೆದುರಿಗೆ ಅತ್ತಳು. ನನ್ನ ತಪ್ಪಿನ ಜೊತೆಗೆ ಅವಳು ತನ್ನದೂ ಒಂದು ತಪ್ಪು ಹುಡುಕಿ ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು ಅವತ್ತೇ.

ನಲವತ್ತೇಳರ ಮಳೆಗಾಲದಲ್ಲಿ ಹುಚ್ಚಮ್ಮ ಹೋದಳು. ಪಕ್ಕದ ಮನೆಯ ವೀರಮ್ಮ ಕೌದಿಯನ್ನು ತಂದು ನನ್ನ ಕೈಗೆ ಕೊಟ್ಟು, "ಶಾಲೆ ಅವ್ವಂಗೆ ಕೊಡು ಅಂದಿದ್ರು" ಎಂದಳು. ಕ್ಷಮಿಸಿ ಕೊಟ್ಟಳೋ, ನೆನಪಿರಲಿ ಎಂದು ಕೊಟ್ಟಳೋ, ಬೇರೆ ಯಾರೂ ಇಲ್ಲದ್ದಕ್ಕೆ ಕೊಟ್ಟಳೋ, ವೀರಮ್ಮನಿಗೂ ಗೊತ್ತಿರಲಿಲ್ಲ.

ಅಟ್ಟದ ಮೇಲೆ ಇಲಿ ಅದನ್ನು ಅಲ್ಲಲ್ಲಿ ಕಡಿದಿದೆ. ಮದುವೆ ಸೀರೆಯ ಕೆಂಪು ಮಾಸಿದೆ, ಖಾಕಿ ಜೀರ್ಣವಾಗಿದೆ, ತಾಯಿ ಮಗಳು ಎದುರುಬದುರು ಕೂತು ಹಾಕಿದ ದಪ್ಪ ಹೊಲಿಗೆಗಳು ಒಂದೊಂದಾಗಿ ಬಿಟ್ಟುಹೋಗುತ್ತಿವೆ. ನಾನು ರಿಪೇರಿ ಮಾಡುವುದಿಲ್ಲ, ಇನ್ನೊಮ್ಮೆ ಅದಕ್ಕೆ ಸೂಜಿ ತಾಗಿಸುವ ಧೈರ್ಯ ನನಗಿಲ್ಲ. ಪ್ರತಿ ಸಂಕ್ರಾಂತಿ ಕಳೆದ ಶುಕ್ರವಾರ ಬಿಸಿಲಿಗೆ ಹಾಕಿ, ಮೂಲೆಯ ಮೇಲೆ ಬೆರಳು ಆಡಿಸಿ ನೋಡುತ್ತೇನೆ. ನಾನು ಹಾಕಿದ ಆ ಗೇಣುದ್ದದ ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ.